ಮುಟ್ಟೆಂದು ಮುಚ್ಚಿಟ್ಟ ಕಾಯಿಲೆ

ಮಧ್ಯಾಹ್ನದ ಊಟ ಮುಗಿದು ಗಂಡಸರು ತೋಟದ ಕಡೆ ಹೋದ ಮೇಲೆ ನಮ್ಮ ಸಿಂಗಟಗೆರೆಯ ಮನೆಗೆ ಹೆಂಗಸರು ಮಜ್ಜಿಗೆ ಕೇಳಿಕೊಂಡು ಬರುತ್ತಾರೆ. ಮಜ್ಜಿಗೆ ಅವರ ಮನೆಯಲ್ಲೂ ಇರುತ್ತದೆ, ಅದು ನನಗೂ ಗೊತ್ತು. ಪಾತ್ರೆಯನ್ನು ಮಗ್ಗುಲಲ್ಲಿಟ್ಟುಕೊಂಡು ಎಮ್ಮೆಯ ವಿಷಯ, ಸೊಸೆಯ ವಿಷಯ ಎಲ್ಲ ಮಾತಾಡಿ, ಇನ್ನೇನು ಏಳಬೇಕು ಎನ್ನುವಾಗ ನೆಲ ನೋಡುತ್ತ ಹೇಳುತ್ತಾರೆ: "ದೊಡ್ಡಮ್ಮ, ನಂಗೂ ನಿಮಗಾದಂಗೇ ಆಗ್ತೈತೆ." ಹೋದ ತಿಂಗಳು ಲಿಂಗದಹಳ್ಳಿಯಿಂದ ಒಬ್ಬ ಹುಡುಗಿ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಅಷ್ಟು ದೂರದಿಂದ ಬಂದವಳು ಒಂದು ಗಳಿಗೆ ಅತ್ತು, ಏನೂ ಹೇಳದೆ ಹೊರಟುಹೋದಳು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯಳಲ್ಲ. ಬೇರು ನಾರು ನನಗೆ ತಿಳಿಯದು. ತಿಳಿದಿರುವುದು ನನ್ನ ಹೊಟ್ಟೆಯೊಂದೇ, ಅದೂ ಅರ್ಧಂಬರ್ಧ. ಅಜ್ಜಂಪುರದಲ್ಲಿ ನಮ್ಮ ಅಪ್ಪಯ್ಯ ಕೂಲಿಮಠ ನಡೆಸುತ್ತಿದ್ದರು. ಜಗುಲಿಯ ಮೇಲೆ ಹುಡುಗರು ಮರಳಿನಲ್ಲಿ ಅಕ್ಷರ ತೀಡುವಾಗ ನಾನೂ ನನ್ನ ತಂಗಿ ನಂಜಿಯೂ ಬಾಗಿಲ ಹಿಂದೆ ಕೂತು ನೆಲದ ಮೇಲೆ ಬೆರಳಾಡಿಸಿ ಕಲಿತೆವು. ನಂಜಿ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಆದರೆ ಬರವಣಿಗೆ ಅವಳದೇ ದುಂಡು. ಆ ಕಲಿತ ಅಕ್ಷರಕ್ಕೆ ಐವತ್ತು ದಾಟಿದ ಮೇಲೆ ಕೆಲಸ ಬಂದಿದೆ.

ಹದಿನಾಲ್ಕಕ್ಕೆ ನಾನು ಸೊಸೆಯಾಗಿ ಈ ಊರಿಗೆ ಬಂದೆ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ನಾನು. ಮಾವ ಇರಲಿಲ್ಲ. ಹೊಲ, ತೆಂಗಿನ ತೋಟ ಇತ್ತು, ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ, ಒಂದು ಸುಗ್ಗಿಯ ಕಾಲದಲ್ಲಿ, ಹೊಟ್ಟೆ ಕೆಟ್ಟಿತು. ಎಲ್ಲರ ಹೊಟ್ಟೆಯೂ ಒಮ್ಮೊಮ್ಮೆ ಕೆಡುತ್ತದೆ. ನನ್ನದು ಕೆಟ್ಟದ್ದು ಸರಿಹೋಗಲಿಲ್ಲ.

ಆಗ ಹಳ್ಳಿಯ ಹೆಂಗಸಿನ ಪಾಡು ಹೇಗಿತ್ತೆಂದು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೆಳಗು ಹರಿಯುವ ಮುಂಚೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ, ಕೇರಿಯ ಹೆಂಗಸರೆಲ್ಲ ಚೊಂಬು ಹಿಡಿದು ಕೆರೆ ಏರಿಯ ಹಿಂದಿನ ಬಯಲಿಗೆ ಹೋಗಿಬರುತ್ತಿದ್ದೆವು. ಊರಿನ ಸುದ್ದಿಯೆಲ್ಲ ಅಲ್ಲಿಯೇ ಹುಟ್ಟುತ್ತಿತ್ತು. ಈ ಎರಡು ಹೊತ್ತಿನ ನಡುವೆ ಹೆಂಗಸಿಗೆ ಹೊಟ್ಟೆಯೇ ಇಲ್ಲ ಎಂಬಂತೆ ಊರು ನಡೆಯುತ್ತಿತ್ತು. ನನಗೋ ದಿನಕ್ಕೆ ಎಂಟು ಸಲ, ಹತ್ತು ಸಲ. ರೊಟ್ಟಿ ತಟ್ಟುತ್ತ ತುಟಿ ಕಚ್ಚಿ ಕೂರುತ್ತಿದ್ದೆ. ಬೆವರು ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಒಂದು ದಿನ ತಡೆಯಲಾರದೆ ಹಾಡುಹಗಲಲ್ಲಿ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಬಾವಿಕಟ್ಟೆಯ ಹತ್ತಿರ ಗಂಡಸರು ಕೂತಿದ್ದರು. ಯಾರೂ ಏನೂ ಅನ್ನಲಿಲ್ಲ, ಮಾತು ನಿಲ್ಲಿಸಿದರು ಅಷ್ಟೆ. ಸಂಜೆಗೆ ಸುದ್ದಿ ಅತ್ತೆಯ ಕಿವಿಗೆ ಬಿತ್ತು. "ಮಟಮಟ ಮಧ್ಯಾಹ್ನದಲ್ಲಿ ಚೊಂಬು ಹಿಡ್ಕೊಂಡು ಏರಿ ಮೇಲೆ ಮೆರವಣಿಗೆ ಹೊರಟಿದ್ಯಂತೆ. ನಮ್ಮನೆ ಮರ್ಯಾದೆ ಏನಾಗ್ಬೇಕೇ?" ಎಂದರು. ಅವರು ಕೆಟ್ಟವರಲ್ಲ. ಅವತ್ತೇ ದಾಳಿಂಬೆ ಸಿಪ್ಪೆಯ ಕಷಾಯ ಕಾಯಿಸಿ ಕೊಟ್ಟರು. ಮೂರು ದಿನ ಕುಡಿದೆ. ನಾಲ್ಕನೇ ದಿನ "ವಾಸಿಯಾಯ್ತೇನೇ?" ಎಂದರು. "ಆಯ್ತು ಅತ್ತೆ" ಎಂದೆ. ನನ್ನ ಸುಳ್ಳುಗಳಲ್ಲಿ ಅದು ಮೊದಲನೆಯದು.

ಆಮೇಲೆ ರಕ್ತ ಕಾಣಿಸಿತು. ಮೊದಲ ದಿನ ಸಾಯುತ್ತೇನೆ ಎಂದುಕೊಂಡೆ. ಯಾರಿಗೆ ಹೇಳುವುದು? ಅವ್ವ ತೀರಿಕೊಂಡು ವರ್ಷ ಕಳೆದಿತ್ತು. ಅವಳಿದ್ದಿದ್ದರೆ ಹೇಳುತ್ತಿದ್ದೆನೋ ಏನೋ. ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ ಏಳುವಾಗ ಅತ್ತೆ ನನ್ನ ಸೀರೆಯ ಹಿಂಭಾಗ ನೋಡಿದರು. "ಏನೇ, ಮುಟ್ಟಾದ್ಯಾ? ನೋಡ್ಕೊಬಾರ್ದಾ. ಒಲೆ ಬಿಟ್ಟು ಆಚೆಗೆ ನಡಿ" ಎಂದರು.

ಅದು ಮುಟ್ಟಲ್ಲ. ನಾನು ತಲೆಯಾಡಿಸಿ ಆಚೆಗೆ ನಡೆದೆ.

ಹಿತ್ತಿಲಲ್ಲಿ ಕೊಟ್ಟಿಗೆಯ ಹಿಂದೆ ಮುಟ್ಟಾದವರಿಗೆಂದು ತೆಂಗಿನ ಗರಿಯ ಒಂದು ಗುಡಿಸಲು ಇತ್ತು. ಅದರ ಹಿಂದೆ ಕತ್ತಾಳೆ ಬೇಲಿ, ಬೇಲಿಯಾಚೆ ಬೀಳು ಹೊಲ. ಮೂರು ದಿನ ಅಲ್ಲಿರಬೇಕು. ತಟ್ಟೆ ಬೇರೆ, ಚೊಂಬು ಬೇರೆ, ಚಾಪೆ ಬೇರೆ. ಯಾರೂ ಹತ್ತಿರ ಬರುವುದಿಲ್ಲ, ಎಲ್ಲಿಗೆ ಹೋದೆ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಸಲ ಬೇಕಾದರೂ ಬೇಲಿ ದಾಟಬಹುದು. ಬೇರೆ ಹೆಣ್ಣುಮಕ್ಕಳು ಆ ಗುಡಿಸಲನ್ನು ಶಪಿಸುತ್ತಿದ್ದರು. ನನಗೆ ಅದು ತವರುಮನೆಗಿಂತ ಹೆಚ್ಚಾಯಿತು. ಹೊಟ್ಟೆ ಹಿಡಿದುಕೊಂಡು ಮಲಗಿ ನಿಶ್ಚಿಂತೆಯಿಂದ ಅತ್ತುಬಿಟ್ಟೆ, ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಹೀಗೆ ರುಚಿ ಹತ್ತಿತು. ಕಾಯಿಲೆ ಜೋರಾದಾಗಲೆಲ್ಲ "ಮುಟ್ಟಾಗಿದೀನಿ ಅತ್ತೆ" ಎಂದು ಗುಡಿಸಲು ಸೇರಿಕೊಂಡೆ. ತಿಂಗಳಿಗೆ ಎರಡು ಸಲ, ಆಮೇಲೆ ಮೂರು ಸಲ. ನಿಜವಾದ ಮುಟ್ಟು ನಿಶ್ಶಕ್ತಿಯಿಂದ ನಿಂತೇಹೋಗಿತ್ತು, ಆದ್ದರಿಂದ ಲೆಕ್ಕ ತಪ್ಪಿದ್ದು ನನ್ನೊಬ್ಬಳಿಗೇ ಗೊತ್ತು. ಹೊಟ್ಟೆ ಕೆಟ್ಟಿದೆ ಎನ್ನಲು ನಾಚಿಕೆ, ಮುಟ್ಟಾಗಿದೆ ಎನ್ನಲು ನಾಚಿಕೆಯಿಲ್ಲ. ಒಂದನ್ನು ಊರು ಒಪ್ಪಿಕೊಂಡಿತ್ತು, ಅದಕ್ಕೆ ಗುಡಿಸಲನ್ನೂ ಕಟ್ಟಿಟ್ಟಿತ್ತು. ನಾನು ಬೇರೆಯವರ ಗುಡಿಸಲಿಗೆ ನುಗ್ಗಿದವಳು.

ಯಜಮಾನರು ಮಾತು ಕಡಿಮೆಯ ಮನುಷ್ಯ. ಒಂದು ದಿನ ನೋಡಿದರೆ ಬೇಲಿಯಲ್ಲಿ ಎರಡು ಕತ್ತಾಳೆ ಗಿಡ ಕಿತ್ತು ಒಬ್ಬರು ನುಸುಳುವಷ್ಟು ದಾರಿ ಮಾಡಿದ್ದರು. ಅವರ ಮೊಣಕೈ ತನಕ ಮುಳ್ಳು ಗೀರಿತ್ತು. ನಮ್ಮ ಸಂಸಾರದಲ್ಲಿ ಮಾತಿಗಿಂತ ಬೇಲಿಯ ಕೆಲಸವೇ ಹೆಚ್ಚು ನಡೆಯಿತು.

ಅತ್ತೆ ಲೆಕ್ಕ ಹಾಕುತ್ತಿದ್ದರು. ತಿಂಗಳಿಗೆ ಮೂರು ಸಲ ಮುಟ್ಟಾಗುವವಳ ಹೊಟ್ಟೆಯಲ್ಲಿ ಮಗು ಹೇಗೆ ನಿಂತೀತು? ಗರ್ಭಕ್ಕೆ ಥಂಡಿ ಹೊಕ್ಕಿದೆ ಎಂದು ಯಾರೋ ಹೇಳಿದರು. ಕಾವು ಕೊಡಬೇಕೆಂದು ಎಳ್ಳು, ಮೆಂತ್ಯ, ಒಣಶುಂಠಿ, ಮೆಣಸು ಕುಟ್ಟಿ ಬೆಲ್ಲದಲ್ಲಿ ಉಂಡೆ ಕಟ್ಟಿ ದಿನವೂ ಬರಿಹೊಟ್ಟೆಗೆ ತಿನ್ನಿಸಿದರು. ಗರ್ಭಕ್ಕೆಂದು ಕೊಟ್ಟದ್ದೆಲ್ಲ ಹುಣ್ಣಾದ ಕರುಳಿನ ಮೇಲೆ ಬಿತ್ತು. ಬೆಂಕಿಗೆ ತುಪ್ಪ ಸುರಿದಂತಾಯಿತು. ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತಬೇಕೆಂದರು. ಏಳು ಸುತ್ತು ಮುಗಿಯುವುದರೊಳಗೆ ನಾನು ಕಟ್ಟೆ ಬಿಟ್ಟು ಬಯಲಿಗೆ ಓಡಿದೆ. ಭಕ್ತಿ ಸಾಲದು ಎಂದರು.

ದೇಹದ ನೋವನ್ನು ಹೇಗೋ ತಡೆದೆ. ಮನಸ್ಸು ಕುಗ್ಗಿಹೋಯಿತು. ಮದುವೆಗೆ ಕರೆದರೆ ಬಂಡಿಯಲ್ಲಿ ಎಷ್ಟು ಹೊತ್ತು, ದಾರಿಯಲ್ಲಿ ಪೊದೆಯಿದೆಯೋ ಇಲ್ಲವೋ, ಎಂಬುದೇ ಯೋಚನೆ. ಎಲೆಯ ಮುಂದೆ ಕೂತರೆ ಅನ್ನ ಶತ್ರುವಿನಂತೆ ಕಾಣುತ್ತಿತ್ತು. ನಗುವವರನ್ನು ಕಂಡರೆ ನನ್ನನ್ನೇ ನೋಡಿ ನಗುತ್ತಿದ್ದಾರೆ ಎನಿಸುತ್ತಿತ್ತು. ನೀರಿಗೆ ಹೋದಾಗ ಕೊಡ ತುಂಬಿದ ಮೇಲೂ ಕೆರೆಯನ್ನು ನೋಡುತ್ತ ನಿಂತುಬಿಟ್ಟ ದಿನಗಳು ಉಂಟು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಆ ಲಿಂಗದಹಳ್ಳಿಯ ಹುಡುಗಿಗೂ ಹಾಗೆ ಅನಿಸಿದ್ದರೆ, ತಾನೊಬ್ಬಳೇ ಅಲ್ಲ ಎಂದು ಅವಳಿಗೆ ತಿಳಿಯಲಿ.

ಮೂರು ವರ್ಷ ಹೀಗೆ ಕಳೆದು, ಒಂದು ದಿನ ಕಣದಲ್ಲಿ ತಲೆಸುತ್ತಿ ಬಿದ್ದೆ. ಯಜಮಾನರು ಗಾಡಿ ಕಟ್ಟಿ ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅತ್ತೆಯೂ ಬಂದರು. ಆಸ್ಪತ್ರೆಯ ಜಗುಲಿಯಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಡಾಕ್ಟರು ಪರದೆಯಾಚೆಯಿಂದ ಕೇಳಿದರು, ನನ್ನ ಪರವಾಗಿ ಅತ್ತೆ ಉತ್ತರ ಕೊಟ್ಟರು. "ತಿಂಗಳಿಗೆ ಮೂರು ಸಲ ಮುಟ್ಟಾಗ್ತಾಳೆ ಸ್ವಾಮಿ. ಮೈಯಾಗೆ ರಕ್ತವೇ ಉಳಿದಿಲ್ಲ." ನನ್ನ ನಾಲಗೆ ಹೊಟ್ಟೆಯಷ್ಟು ಚುರುಕಾಗಿದ್ದಿದ್ದರೆ ನನ್ನ ಬದುಕು ಅಲ್ಲಿಯೇ ಬದಲಾಗುತ್ತಿತ್ತು.

ಆಸ್ಪತ್ರೆಯ ಹಿಂದೆ ಹೆಂಗಸರಿಗೆಂದು ಕಟ್ಟಿದ ಕಕ್ಕಸು ಇತ್ತು. ಬಾಗಿಲಿರುವ ಕಕ್ಕಸನ್ನು ನಾನು ನೋಡಿದ್ದು ಅದೇ ಮೊದಲು. ಔಷಧಿಗೆ ಕಾಯುತ್ತಿರುವಾಗಲೇ ನಾಲ್ಕು ಸಲ ಹೋಗಿಬಂದೆ. ಅಲ್ಲಿ ಆಯಾ ಆಗಿದ್ದ ಫಾತಿಮಾಬಿ ಎಂಬ ವಯಸ್ಸಾದ ಸಾಹೇಬರ ಹೆಂಗಸು ನನ್ನನ್ನೇ ಗಮನಿಸುತ್ತಿದ್ದಳು. ಐದನೇ ಸಲ ಹೊರಗೆ ಬಂದಾಗ ಕೈಗೆ ನೀರು ಹಾಕುತ್ತ ಕೇಳಿದಳು: "ಅಮ್ಮಾ, ನಾನು ಇಪ್ಪತ್ತು ವರ್ಷದಿಂದ ಹೆಂಗಸ್ರ ಬಟ್ಟೆ ನೋಡ್ತಾ ಇದೀನಿ. ಇದು ಮುಟ್ಟಲ್ಲ, ಕರುಳಿಂದು. ಡಾಕ್ಟರ್ ಸಾಬ್‌ಗೆ ಯಾಕೆ ಸುಳ್ಳು ಹೇಳಿದ್ರಿ?"

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಹೇಳ್ಬೇಡಿ ಬೀಬಮ್ಮ. ಅತ್ತೆಗೆ ಗೊತ್ತಾದ್ರೆ ನಾನು ಮುಖ ಎತ್ಕೊಂಡು ಹೆಂಗೆ ಬದುಕ್ಲಿ?" ಎಂದೆ.

"ಸರಿ, ನಾನು ಹೇಳಲ್ಲ. ಮಾತು ಕೊಟ್ಟೆ. ಆದ್ರೆ ನೀವು ಹೇಳ್ಬೇಕು. ರೋಗ ಮುಚ್ಚಿಟ್ರೆ ಅದಕ್ಕೆ ಅನ್ನ ಹಾಕಿ ಸಾಕಿದಂಗೆ" ಎಂದಳು. ಅವಳು ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ಅತ್ತೆಯ ತಮ್ಮ ನಮ್ಮ ಮನೆಗೆ ಬಂದರು. ರಂಗಪ್ಪ ಮಾವ ಎಂದು ಎಲ್ಲರೂ ಕರೆಯುತ್ತಿದ್ದರು, ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವರವೇ. ಈ ಹೆಣ್ಣಿನ ಗರ್ಭ ನಂಬಿ ಕೂತರೆ ವಂಶ ನಿಂತುಹೋಗುತ್ತದೆ, ಇನ್ನೊಂದು ಮದುವೆಯಾಗಲಿ ಎಂದರು. ಹೊರಗಿನಿಂದ ಸವತಿ ಬಂದರೆ ಕಾಯಿಲೆಯವಳನ್ನು ಹಿತ್ತಿಲಿಗೆ ನೂಕಿಬಿಡುತ್ತಾಳೆ, ತಂಗಿಯನ್ನೇ ತಂದರೆ ಅಕ್ಕನನ್ನು ನೋಡಿಕೊಳ್ಳುತ್ತಾಳೆ ಎಂದು ಅವರೇ ದಾರಿ ತೋರಿಸಿದರು. ನನ್ನ ಮೇಲಿನ ಕರುಣೆಯಿಂದಲೇ ನನ್ನ ತಂಗಿಯ ಕೊರಳಿಗೆ ತಾಳಿ ಗೊತ್ತಾಯಿತು.

ನಂಜಿಗೆ ಆಗ ಹದಿನಾರು. ಅವಳಿಗೆ ತರೀಕೆರೆಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸ್ಕೂಲಿನಲ್ಲಿ ಮೇಷ್ಟ್ರು. ಹೆಣ್ಣು ನೋಡಲು ಬಂದಾಗ "ಓದೋಕೆ ಬರುತ್ತಾ?" ಎಂದು ಕೇಳಿ, ಅವಳು ಓದಿದ್ದನ್ನು ಪೂರ್ತಿ ಕೇಳಿಸಿಕೊಂಡು ಹೋಗಿದ್ದನಂತೆ. ಹಬ್ಬಕ್ಕೆ ಹೋದಾಗ ನಂಜಿ ಅದನ್ನು ನನಗೆ ಎರಡು ಸಲ ಹೇಳಿದ್ದಳು, ಎರಡನೇ ಸಲ ಹೇಳುತ್ತಿದ್ದೇನೆಂಬ ನೆನಪೇ ಇಲ್ಲದೆ.

ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕಿತ್ತು. ರಕ್ತ ಗರ್ಭದ್ದಲ್ಲ ಎಂದರೆ ಮದುವೆಗೆ ಕಾರಣವೇ ಉಳಿಯುತ್ತಿರಲಿಲ್ಲ. ಸಿಂಗಟಗೆರೆಯಲ್ಲಿ ಹೇಳಲಾಗದ್ದನ್ನು ಅಜ್ಜಂಪುರದಲ್ಲಿ ಹೇಳಿಬಿಡುತ್ತೇನೆ ಎಂದು ನಿಶ್ಚಯ ಮಾಡಿ, ಮಾತುಕತೆಗೆ ಹೊರಟಾಗ ನಾನೂ ಬರುತ್ತೇನೆ ಎಂದೆ. ರೈಲಿನಲ್ಲಿ ತೊಂದರೆಯಾಗಬಾರದೆಂದು ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಕಡೂರಿನಲ್ಲಿ ಯಜಮಾನರು ನನ್ನನ್ನು ಹೆಂಗಸರ ಡಬ್ಬಿಯಲ್ಲಿ ಕೂರಿಸಿ, ತಾವು ರಂಗಪ್ಪ ಮಾವನ ಜೊತೆ ಬೇರೆ ಡಬ್ಬಿಗೆ ಹೋದರು.

ಬೀರೂರು ದಾಟುವವರೆಗೆ ಸುಮ್ಮನಿದ್ದ ಹೊಟ್ಟೆ ಅಲ್ಲಿಂದ ಮುಂದೆ ಸುಮ್ಮನಿರಲಿಲ್ಲ. ಬರಿಹೊಟ್ಟೆಯಾದರೆ ಕಾಯಿಲೆಗೆ ಕೆಲಸವಿರದು ಎಂದುಕೊಂಡದ್ದು ನನ್ನ ದಡ್ಡತನ. ಅದು ತನ್ನ ರಕ್ತವನ್ನು ತಾನೇ ತಂದಿತ್ತು. ನಾನು ಕೂತ ಹಲಗೆ ಒದ್ದೆಯಾಯಿತು. ಡಬ್ಬಿಯಲ್ಲಿ ಆರೇಳು ಮಂದಿ ಹೆಂಗಸರಿದ್ದರು. ಒಬ್ಬೊಬ್ಬರಾಗಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಅದು ದಯೆಯೋ ಅಸಹ್ಯವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜಂಪುರದ ಸ್ಟೇಷನ್ನಿನಲ್ಲಿ ನಂಜಿ ಗಾಡಿಯ ಜೊತೆ ಬಂದು ನಿಂತಿದ್ದಳು. ನಾನು ಇಳಿಯದೆ ಬಾಗಿಲಲ್ಲೇ ನಿಂತಿರುವುದನ್ನು ನೋಡಿ, ಮುಖ ನೋಡಿ, ಸೀರೆ ನೋಡಿ, ಒಂದೇ ಓಟದಲ್ಲಿ ಗಾಡಿಯೊಳಗಿನ ಕಂಬಳಿ ತಂದು ಹೊದಿಸಿದಳು. ಬಿಸಿಲು ನೆತ್ತಿ ಸುಡುತ್ತಿತ್ತು. "ಅಕ್ಕಂಗೆ ಚಳಿಜ್ವರ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮನೆಗೆ ಹೋಗಿ ಬಚ್ಚಲಲ್ಲಿ ಕೂರಿಸಿ, ಬಿಸಿನೀರು ಹಾಕಿ, ಚಿಕ್ಕ ಮಗುವನ್ನು ತೊಳೆದಂತೆ ತೊಳೆದಳು. ಏನಾಯಿತೆಂದು ಕೇಳಲಿಲ್ಲ. ಕೇಳದಿದ್ದುದರಿಂದಲೇ ನಾನು ಎಲ್ಲವನ್ನೂ ಹೇಳಿದೆ, ಗುಡಿಸಲು, ಸುಳ್ಳು, ಫಾತಿಮಾಬಿ ಎಲ್ಲವನ್ನೂ.

ನಂಜಿ ಚೊಂಬು ಕೆಳಗಿಟ್ಟಳು. "ಅಂದ್ರೆ ನಿನ್ನ ಗರ್ಭಕ್ಕೆ ಏನೂ ಆಗಿಲ್ಲ?"

"ಇಲ್ಲ ಕಣೇ."

"ಹಂಗಾದ್ರೆ ಅಪ್ಪಯ್ಯಂಗೆ ಹೇಳು ಅಕ್ಕ. ನಾನು ಹೇಳಿದ್ರೆ ಮದುವೆ ತಪ್ಪಿಸ್ಕೊಳ್ಳೋಕೆ ಕತೆ ಕಟ್ತಾಳೆ ಅಂತಾರೆ. ನೀನೇ ಹೇಳ್ಬೇಕು."

"ಬೆಳಿಗ್ಗೆ ಹೇಳ್ತೀನಿ" ಎಂದೆ. ಅವಳು ನಂಬಿದಳು. ಆ ಸಂಜೆ ನನಗೆ ಅನ್ನವನ್ನು ಮೆತ್ತಗೆ ಬೇಯಿಸಿ, ಕಿವುಚಿ, ಉಪ್ಪು ಮಜ್ಜಿಗೆ ಹಾಕಿ ಕೊಟ್ಟಳು. ಮೂರು ವರ್ಷದಲ್ಲಿ ಹೊಟ್ಟೆ ಒಪ್ಪಿಕೊಂಡ ಮೊದಲ ಊಟ ಅದು.

ಬೆಳಿಗ್ಗೆ ಜಗುಲಿಯ ಮೇಲೆ ಅಪ್ಪಯ್ಯ, ಯಜಮಾನರು, ರಂಗಪ್ಪ ಮಾವ, ಊರಿನ ಇಬ್ಬರು ಹಿರಿಯರು ಕೂತಿದ್ದರು. ನಡುವೆ ಎಲೆ ಅಡಿಕೆಯ ತಟ್ಟೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಎರಡನೇ ಮದುವೆಯ ಮಾತಿಗೆ ಎಲೆ ಅಡಿಕೆ ಹಿಡಿಯುವ ಮುಂಚೆ ಮೊದಲನೆಯವಳನ್ನು ಕೇಳಬೇಕು, ಅವಳು ಬಾಯಿಬಿಟ್ಟು ಒಪ್ಪಬೇಕು. ನಾನೂ ನಂಜಿಯೂ ಬಾಗಿಲ ಹಿಂದೆ, ಚಿಕ್ಕಂದಿನಲ್ಲಿ ಅಕ್ಷರ ಕಲಿತ ಜಾಗದಲ್ಲೇ ನಿಂತಿದ್ದೆವು. ಅವಳು ನನ್ನ ಸೆರಗು ಹಿಡಿದುಕೊಂಡಿದ್ದಳು.

ಅಪ್ಪಯ್ಯ ಕೇಳಿದರು: "ಏನಮ್ಮಾ, ನಿನ್ನ ಮಾತು ಕೇಳದೆ ನಾನು ಇದನ್ನ ಮುಟ್ಟಲ್ಲ. ಏನಾದ್ರೂ ಹೇಳೋದಿದ್ರೆ ಹೇಳು."

ಐದು ಜನ ಗಂಡಸರು ಕಿವಿ ಕೊಟ್ಟು ಕೂತಿದ್ದರು. ನಾನು ಬಾಯಿ ತೆರೆದೆ. ಅಪ್ಪಯ್ಯನ ಮುಂದೆ, ಗಂಡನ ಮುಂದೆ, ಊರವರ ಮುಂದೆ ಆ ಪದವನ್ನು ಹೇಗೆ ಉಚ್ಚರಿಸುವುದು? ನನ್ನ ಹೊಟ್ಟೆ ದಿನಕ್ಕೆ ಹತ್ತು ಸಲ ಹೋಗುತ್ತದೆ, ಅದರಲ್ಲಿ ರಕ್ತ ಹೋಗುತ್ತದೆ ಎಂದು ಯಾವ ಮಗಳು ಅಪ್ಪನಿಗೆ ಹೇಳಿದ್ದಾಳೆ?

"ನಿಮ್ಮಿಷ್ಟ ಅಪ್ಪಯ್ಯ" ಎಂದೆ.

ಸೆರಗು ಹಿಡಿದಿದ್ದ ಕೈ ಸಡಿಲವಾಯಿತು. ನಂಜಿ ಒಳಗೆ ಹೋಗಿ ಒಲೆಗೆ ಸೌದೆ ಒಟ್ಟಿದಳು, ಬಂದವರಿಗೆ ಊಟಕ್ಕೆ ಹೊತ್ತಾಗಿತ್ತು.

ಮದುವೆ ಆಯಿತು. ನಂಜಿ ನನ್ನ ಮನೆಗೇ ಬಂದಳು, ನನಗೆ ಒಂದು ಕೆಟ್ಟ ಮಾತೂ ಅನ್ನಲಿಲ್ಲ. ಬಂದ ವಾರದಲ್ಲೇ ಅವಳು ಒಂದು ಉಪಾಯ ಕಂಡುಹಿಡಿದಳು. ಹೊಟ್ಟೆ ಹಿಂಡಿದಾಗ ನಾನು ಕಣ್ಣು ಮಿಟುಕಿಸಿದರೆ ಸಾಕು, "ಅತ್ತೆ, ನಾನೂ ಅಕ್ಕನೂ ಸೊಪ್ಪು ಕುಯ್ಕೊಂಡು ಬತ್ತೀವಿ" ಎಂದು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ಬುಟ್ಟಿಯೊಳಗೆ ಚೊಂಬು. ಇಬ್ಬರು ಹೆಂಗಸರು ಬುಟ್ಟಿ ಹಿಡಿದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಪೊದೆಯ ಮರೆಗೆ ಹೋದಾಗ ಅವಳು ದಾರಿ ಕಾಯುತ್ತ ನಿಜವಾಗಿಯೂ ಸೊಪ್ಪು ಕುಯ್ಯುತ್ತಿದ್ದಳು. ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ತಿಂದಷ್ಟು ಸೊಪ್ಪಿನ ಸಾರು ಯಾರ ಮನೆಯಲ್ಲೂ ತಿಂದಿರಲಾರರು. "ಈ ಹುಡುಗಿಗೆ ಸೊಪ್ಪಿನ ಹುಚ್ಚು" ಎಂದು ಅತ್ತೆ ಬೈಯುತ್ತಿದ್ದರು. ನಾನು ಗುಡಿಸಲಿಗೆ ಹೋಗುವುದು ಕಡಿಮೆಯಾಯಿತು. ಮದ್ದಿನಿಂದ ಗುಣವಾಗುತ್ತಿದೆ ಎಂದುಕೊಂಡರು. ಈಗಲಾದರೂ ನಿಜ ಹೇಳಬಹುದಿತ್ತು. ಆದರೆ ಮದುವೆಯಾದ ಮೇಲೆ ಆ ನಿಜಕ್ಕೆ ಇನ್ನೊಂದು ನಾಚಿಕೆ ಸೇರಿಕೊಂಡಿತ್ತು.

ಎರಡು ವರ್ಷದ ಮೇಲೆ ತರೀಕೆರೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಒಬ್ಬ ಡಾಕ್ಟರಮ್ಮ ಬರುತ್ತಾರೆಂದು ಸುದ್ದಿ ಬಂತು. ನಂಜಿ ಹಟ ಹಿಡಿದು ಯಜಮಾನರನ್ನು ಹೊರಡಿಸಿದಳು, ನನ್ನ ಜೊತೆ ತಾನೂ ಬಂದಳು. ಬಹಳ ಹೊತ್ತು ಕಾಯಬೇಕಾಯಿತು. ಆಸ್ಪತ್ರೆಯ ಪಕ್ಕದಲ್ಲೇ ಒಂದು ಸ್ಕೂಲು. ಹುಡುಗರಿಗೆ ಮೇಷ್ಟ್ರು ಮಗ್ಗಿ ಹೇಳಿಸುತ್ತಿರುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನಂಜಿ ಕಂಬಕ್ಕೆ ಒರಗಿ ಆ ಧ್ವನಿಯನ್ನೇ ಕೇಳುತ್ತ ಕೂತಳು. ಅದು ಅವನೋ ಬೇರೆ ಯಾರೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ನಾನು ಅವಳ ಮುಖ ನೋಡಲಾರದೆ ನನ್ನ ಕಾಲುಂಗುರ ನೋಡುತ್ತ ಕೂತೆ. ಹನ್ನೆರಡರ ಮಗ್ಗಿ ಮುಗಿದು ಗಂಟೆ ಹೊಡೆದರು.

ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. "ನೀವು ಹೇಳಿ" ಎಂದರು. ನನ್ನ ಕಾಯಿಲೆಯನ್ನು ನನ್ನನ್ನೇ ಕೇಳಿದವರು ಅವರೇ ಮೊದಲು. ಹೇಳಿದೆ. ಅವರು ಮುಖ ಸಿಂಡರಿಸಲಿಲ್ಲ, ಬರೆದುಕೊಂಡರು. ಪರೀಕ್ಷೆ ಮಾಡಿ, ದೊಡ್ಡ ಕರುಳಿನಲ್ಲಿ ಹುಣ್ಣುಗಳಾಗಿವೆ, ಇದು ಆಮಶಂಕೆಯಲ್ಲ, ಅಂಟುವುದೂ ಅಲ್ಲ, ನಿಮ್ಮ ತಪ್ಪಿನಿಂದ ಬಂದದ್ದೂ ಅಲ್ಲ ಎಂದರು. "ಪೂರ್ತಿ ಹೋಗುತ್ತೆ ಅಂತ ಹೇಳಲಾರೆ. ಬರುತ್ತೆ, ಹೋಗುತ್ತೆ. ಇದರ ಜೊತೆ ಬಾಳೋದು ಕಲೀಬೇಕು." ಆಮೇಲೆ ಪೆನ್ನು ಕೆಳಗಿಟ್ಟು, "ಮನಸ್ಸಿಗೆ ಏನಾದ್ರೂ ಕೊರಗು ಇದೆಯೇನಮ್ಮಾ?" ಎಂದರು. 'ಹೊರಗೆ ಕಂಬಕ್ಕೆ ಒರಗಿ ಕೂತಿದೆ' ಎನ್ನಬೇಕೆನಿಸಿತು. ಇಲ್ಲ ಎಂದೆ.

ಆಮೇಲೆ ಯಜಮಾನರನ್ನೂ ನಂಜಿಯನ್ನೂ ಒಳಗೆ ಕರೆದರು. ಮಕ್ಕಳ ವಿಷಯ ಕೇಳಿದಾಗ, ನನ್ನ ಗರ್ಭದಲ್ಲಿ ದೋಷ ಕಾಣುವುದಿಲ್ಲ, ಗಂಡಸಿನಲ್ಲೂ ದೋಷ ಇರಬಹುದು ಎಂದರು. ಆ ಮಾತನ್ನು ನಾವ್ಯಾರೂ ಮನೆಗೆ ತರಲಿಲ್ಲ.

ಬಿಳಿಯ ಪುಡಿ, ಮೆತ್ತಗಿನ ಅನ್ನ, ಮಜ್ಜಿಗೆ, ಖಾರಕ್ಕೆ ರಜ, ಇಷ್ಟೇ ಚಿಕಿತ್ಸೆ. ಅದರಿಂದಲೋ ಕಾಲದಿಂದಲೋ ಕಾಯಿಲೆ ಹಿಡಿತಕ್ಕೆ ಬಂತು. ನಾಲ್ಕು ತಿಂಗಳು ಸುಮ್ಮನಿದ್ದು, ಮತ್ತೆ ಹದಿನೈದು ದಿನ ಕಾಡಿ, ಮತ್ತೆ ಸುಮ್ಮನಾಗುತ್ತಿತ್ತು. ನಂಜಿ ನನಗೆ ಬೇರೆ ಒಲೆ ಹೂಡಿದಳು. ಅವಳಿಗೂ ಮಕ್ಕಳಾಗಲಿಲ್ಲ. ಕಾವಿನ ಉಂಡೆ ಈಗ ಅವಳ ಪಾಲಿಗೆ ಬಂತು, ಅರಳಿಕಟ್ಟೆಯೂ ಬಂತು. ಅವಳು ಒಂದು ಸುತ್ತೂ ತಪ್ಪಿಸದೆ ಸುತ್ತಿದಳು.

ಒಮ್ಮೆ ಮಾತ್ರ ಕೇಳಿದಳು. ಬೀಳು ಹೊಲದಲ್ಲಿ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ, "ಅಕ್ಕ, ಆವತ್ತು ಅಪ್ಪಯ್ಯ ಅಷ್ಟು ಕೇಳಿದ್ರಲ್ಲ, ಯಾಕೆ ಸುಮ್ಮನಾದೆ?" ಎಂದಳು. ಎಂಟು ವರ್ಷ ಅವಳು ಆ ಮಾತನ್ನು ಇಟ್ಟುಕೊಂಡಿದ್ದಳು.

"ನಾಚಿಕೆ ಆಯ್ತು ಕಣೇ" ಎಂದೆ.

"ಅಷ್ಟೇನಾ" ಎಂದಳು. ಸಿಟ್ಟಿನಿಂದಲ್ಲ. ಇನ್ನೂ ದೊಡ್ಡ ಕಾರಣ ಏನೋ ಇದ್ದೀತು ಎಂದುಕೊಂಡಿದ್ದಳು ಪಾಪ. ಆಮೇಲೆ ಬುಟ್ಟಿ ಎತ್ತಿಕೊಂಡು, "ಬಾ, ಬಿಸಿಲಾಯ್ತು" ಎಂದು ಮುಂದೆ ನಡೆದಳು.

ಊರೂರಿಗೂ ಕೆಮ್ಮು ಜ್ವರ ಬಂದ ವರ್ಷ ನಂಜಿ ಹೋದಳು. ಐದು ದಿನದ ಜ್ವರ. ಮೂಳೆ ಚಕ್ಕಳವಾಗಿದ್ದ ನನ್ನನ್ನು ಜ್ವರ ಮೂಸಿಯೂ ನೋಡಲಿಲ್ಲ, ಗಟ್ಟಿಮುಟ್ಟಾಗಿದ್ದವಳನ್ನು ಕರೆದುಕೊಂಡು ಹೋಯಿತು. ಇಪ್ಪತ್ತಾರು ವರ್ಷ ಅವಳಿಗೆ. ಕೊನೆಯ ಎಚ್ಚರದಲ್ಲೂ, "ಅಕ್ಕಂಗೆ ಖಾರ ಹಾಕ್ಬೇಡಿ" ಎಂದು ಅತ್ತೆಗೆ ಹೇಳಿದಳು.

ಹನ್ನೊಂದನೇ ದಿನದ ಕೆಲಸ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಅಪ್ಪಯ್ಯ ಅಜ್ಜಂಪುರದಿಂದ ಬಂದಿದ್ದರು, ಬಹಳ ಮುದುಕರಾಗಿದ್ದರು. ರಂಗಪ್ಪ ಮಾವ ಗಂಟಲು ಸರಿಮಾಡಿಕೊಂಡು ಹೇಳಿದರು: "ಬೇಜಾರು ಮಾಡ್ಕೊಬೇಡಿ ಮೇಷ್ಟ್ರೇ, ಇರೋ ಮಾತು ಹೇಳ್ತೀನಿ. ನಿಮ್ಮ ಮನೆ ಹೆಣ್ಣುಗಳ ಗರ್ಭವೇ ಒಣಗಿದ್ದು. ದೊಡ್ಡವಳದು ರಕ್ತವಾಗಿ ಹರಿದುಹೋಯ್ತು, ಚಿಕ್ಕವಳದು ಬತ್ತೋಯ್ತು. ನಮ್ಮ ಹುಡುಗನಿಗೆ ಇನ್ನೂ ವಯಸ್ಸೈತೆ. ಒಂದು ಹೆಣ್ಣೈತೆ, ಹದಿನೈದು ವರ್ಷ. ಹಿರಿಯವಳು ಒಪ್ಪಿದ್ರೆ ಮುಂದಿನ ತಿಂಗಳು ಮಾತಾಡೋಣ." ಎಲ್ಲರೂ ನನ್ನ ಕಡೆ ತಿರುಗಿದರು. ಪದ್ಧತಿ ಪದ್ಧತಿಯೇ.

ನಾನು ಬಾಗಿಲ ಹಿಂದೆ ಇರಲಿಲ್ಲ, ಅವರ ಮುಂದೆಯೇ ಕೂತಿದ್ದೆ. ಎದ್ದು ನಿಂತೆ. "ನನ್ನ ಗರ್ಭಕ್ಕೆ ಏನೂ ಆಗಿಲ್ಲ ಮಾವ" ಎಂದೆ. "ನಂದು ಕರುಳಿನ ಹುಣ್ಣು. ದಿನಕ್ಕೆ ಹತ್ತು ಸಲ ಬಯಲಿಗೆ ಹೋಗ್ತಿದ್ದೆ, ರಕ್ತ ಅದರಾಗೆ ಹೋಗ್ತಿತ್ತು. ನಾಚಿಕೆಗೆ ಮುಟ್ಟು ಅಂತ ಸುಳ್ಳು ಹೇಳಿ ಗುಡಿಸಲಲ್ಲಿ ಕೂತೆ. ಆ ಸುಳ್ಳು ನಂಬಿ ನೀವು ನಂಜಿನ ತಂದ್ರಿ. ಅವಳಿಗೆ ನಿಜ ಗೊತ್ತಿತ್ತು, ನನ್ನ ಮಾನ ಕಾಯೋಕೆ ಬಾಯಿ ಮುಚ್ಕೊಂಡು ಬಾಳಿದ್ಲು. ಇನ್ನೊಂದು ಹೆಣ್ಣಿಗೆ ನನ್ನ ಒಪ್ಪಿಗೆ ಇಲ್ಲ. ಡಾಕ್ಟರಮ್ಮ ಇನ್ನೊಂದು ಮಾತೂ ಹೇಳಿದ್ರು, ಬೇಕಾದ್ರೆ ಅದನ್ನೂ ಹೇಳ್ತೀನಿ."

"ಬೇಡ" ಎಂದರು ಯಜಮಾನರು. ಮೊದಲ ಸಲ ಅವರ ಧ್ವನಿ ನಡುಮನೆಯಲ್ಲಿ ಗಟ್ಟಿಯಾಗಿ ಕೇಳಿತು. "ನಂಗೆ ಇನ್ನೊಂದು ಮದುವೆ ಬೇಡ ಮಾವ." ಅಪ್ಪಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆ ಹದಿನೈದರ ಹುಡುಗಿ ಯಾರೆಂದು ನನಗೆ ತಿಳಿಯಲಿಲ್ಲ, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಹತ್ತು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೇಳಿ ಮುಗಿಸುವುದಕ್ಕೆ ಒಂದು ಎಲೆ ಅಡಿಕೆ ಮಡಿಸುವಷ್ಟು ಹೊತ್ತೂ ಹಿಡಿದಿರಲಿಲ್ಲ. ಮನೆ ಬೀಳಲಿಲ್ಲ. ಯಾರೂ ನನ್ನನ್ನು ನೋಡಿ ಮೂಗು ಮುಚ್ಚಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದರು. ನಂಜಿ ನನಗೆಂದು ಹೂಡಿದ ಒಲೆಯ ಮುಂದೆ ಕೂತರು. ಬೈಯುತ್ತಾರೆ ಎಂದುಕೊಂಡು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತೇ ನನ್ನ ಕಿವಿಯಾಗೆ ಒಂದು ಮಾತು ಹಾಕಿದ್ರೆ ಆಗ್ತಿತ್ತಲ್ಲೇ" ಎಂದರು. "ನಾನೂ ಹೆಂಗಸೇ ಕಣೇ. ನಿಂಗೆ ಮಜ್ಜಿಗೆ ಅನ್ನ ಕಲೆಸಿ ಹಾಕ್ತಿದ್ದೆ. ಆ ಮಗೂನ ಅದರ ಪಾಡಿಗೆ ತರೀಕೆರೆ ಮೇಷ್ಟ್ರ ಮನೆಗೆ ಬಿಡ್ತಿದ್ದೆ."